ಜಿಪಿಎಸ್ ಇದೆ, ಆದ್ರೆ ದಾರಿ ಗೊತ್ತಾ?

ವೀಕೆಂಡ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಬೈಕ್ ಪ್ಲಾನ್ ಶುರು. ಚಿತ್ರದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ, ವಾಣಿವಿಲಾಸ ಸಾಗರ ನೋಡಿಕೊಂಡು ಹಿರಿಯೂರು, ಆಮೇಲೆ ಹೈವೇ ಹಿಡಿದು ವಾಪಸ್. ಪ್ಲಾನ್ ಜೊತೆಗೇ ಒಂದು ಪ್ರಶ್ನೆ: ಬೈಕಿಗೆ ಯಾವ ಜಿಪಿಎಸ್ ಹಾಕಿಸೋಣ? ನೇರವಾಗಿ ಹೇಳಿಬಿಡ್ತೀವಿ. ಈ ಸುತ್ತಾಟಕ್ಕೆ ಬೇರೆ ಸಾಧನ ಬೇಡ, ಜೇಬಲ್ಲಿರೋ ಫೋನೇ ಸಾಕು. ಬದಲಾಗಬೇಕಾದ್ದು ಅದನ್ನು ಬಳಸೋ ರೀತಿ.

‘ಟವರ್ ಹೋದ್ರೆ ಜಿಪಿಎಸ್ ಹೋಯ್ತು’ ಅನ್ನೋ ಮಾತನ್ನು ಎಂಜಿನಿಯರಿಂಗ್ ಓದೋ ನಾವಾದ್ರೂ ನಂಬಬಾರದು. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳು ಸಮಯದ ಸಂಕೇತ ಕಳಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಫೋನ್ ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಕೈಕೊಡೋದು ಮ್ಯಾಪ್, ಯಾಕಂದ್ರೆ ಅದು ನೆಟ್‌ನಿಂದ ಬರುತ್ತೆ. ಹೊರಡೋ ಮೊದಲೇ ಜಿಲ್ಲೆಯ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಂಡ್ರೆ ಆ ಚಿಂತೆ ಮುಗೀತು.

ಬೈಕಿಗೆಂದೇ ಮಾಡಿದ ಜಿಪಿಎಸ್ ಸಾಧನ ಮಳೆ, ಧೂಳು, ಅದುರಾಟ ತಡೀತದೆ, ನಿಜ. ವಾರಗಟ್ಟಲೆ ಲಡಾಖ್ ಸುತ್ತೋರಿಗೆ ಅದು ಸರಿ. ಫೋನನ್ನೇ ಹ್ಯಾಂಡಲ್‌ಗೆ ಕಟ್ಟೋದಾದ್ರೆ ಅದುರಾಟ ಕಡಿಮೆ ಮಾಡೋ ಹೋಲ್ಡರ್ ತಗೊಳ್ಳಿ. ಬೈಕ್ ಎಂಜಿನ್ ಅದುರಾಟಕ್ಕೆ ಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. 2020ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ನಿಯಮದ ಪ್ರಕಾರ, ಓಡಿಸುವಾಗ ಫೋನ್ ಬಳಸಬಹುದಾದ್ದು ದಾರಿ ನೋಡೋಕೆ ಮಾತ್ರ, ಅದೂ ಗಮನ ತಪ್ಪದಂತೆ. 80ರ ಸ್ಪೀಡಲ್ಲಿ ಎರಡು ಸೆಕೆಂಡ್ ಸ್ಕ್ರೀನ್ ನೋಡಿದ್ರೆ 44 ಮೀಟರ್ ಕುರುಡಾಗಿ ಓಡಿಸಿದ ಹಾಗೆ. ಹೈವೇಯಲ್ಲಿ ಮುಂದಿನ ಲಾರಿ ಬ್ರೇಕ್ ಹಾಕೋಕೆ ಅಷ್ಟು ಹೊತ್ತು ಬೇಕಿಲ್ಲ. ಹಿಂದೆ ಕೂತವರು ಮ್ಯಾಪ್ ನೋಡಲಿ. ಒಬ್ಬರೇ ಹೋದ್ರೆ ಬೈಕ್ ಸೈಡಿಗೆ ಹಾಕಿ ನೋಡಿ.

ಇನ್ನೊಂದು ಮುಖ್ಯ ವಿಷಯ. ಉಪಗ್ರಹ ನಾವೆಲ್ಲಿದ್ದೇವೆ ಅಂತ ಹೇಳುತ್ತೆ, ಮುಂದಿನ ರಸ್ತೆ ಹೇಗಿದೆ ಅಂತ ಹೇಳಲ್ಲ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತು. ಅಂಥ ವರ್ಷ ಹಿನ್ನೀರಿನ ಅಂಚಿನ ದಾರಿಗಳ ಗತಿ ಏನು ಅನ್ನೋದು ಅಲ್ಲಿನ ಊರಿನವರಿಗೆ ಗೊತ್ತು, ಆಕಾಶದಲ್ಲಿರೋ ಉಪಗ್ರಹಕ್ಕಲ್ಲ. ಮ್ಯಾಪ್ ‘ಹತ್ತು ನಿಮಿಷ ಉಳಿಯುತ್ತೆ’ ಅಂದ ಮಾತ್ರಕ್ಕೆ ಕತ್ತಲಲ್ಲಿ ಹೊಲದ ದಾರಿಗೆ ಇಳಿಯಬೇಡಿ. ಟೀ ಅಂಗಡಿ ಹತ್ರ ನಿಲ್ಲಿಸಿ, ‘ಅಣ್ಣಾ, ಈ ರೋಡಲ್ಲಿ ಬೈಕ್ ಹೋಗ್ತದಾ?’ ಅಂತ ಕೇಳಿ. ಹೋಗ್ತದೋ ಇಲ್ವೋ ಅಷ್ಟೇ ಅಲ್ಲ, ಎಲ್ಲಿ ಗುಂಡಿ ಇದೆ, ಎಲ್ಲಿ ಸೇತುವೆ ಕೆಲಸ ನಡೀತಿದೆ ಅನ್ನೋದೂ ಗೊತ್ತಾಗುತ್ತೆ.

ಹಾಗಂತ ಮ್ಯಾಪನ್ನು ಬೈದು ಸುಮ್ಮನಾದ್ರೆ ಆಗಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದ್ರೂ ರಸ್ತೆ ತಿದ್ದಬಹುದು, ಊರಿನ ಹೆಸರನ್ನು ಕನ್ನಡದಲ್ಲೇ ಸೇರಿಸಬಹುದು. ಹೊಸದುರ್ಗದ ಹಳ್ಳಿಯ ಹೆಸರನ್ನು ಸರಿಯಾಗಿ ಬರೆಯೋಕೆ ದೂರದ ಯಾವುದೋ ಆಫೀಸಿಗಿಂತ ಅದೇ ಊರಿಂದ ಕಾಲೇಜಿಗೆ ಬರೋ ಗೆಳೆಯನಿಗೆ ಚೆನ್ನಾಗಿ ಗೊತ್ತು. ಹೊಸ ಸಾಧನಕ್ಕೆ ದುಡ್ಡು ಹಾಕೋ ಬದಲು ಈ ಸೆಮಿಸ್ಟರ್‌ನಲ್ಲಿ ಒಬ್ಬೊಬ್ಬರು ತಮ್ಮೂರಿನ ಒಂದು ರಸ್ತೆ ಸರಿಪಡಿಸೋಣ. ನಮ್ಮ ಹಿಂದೆ ಆ ದಾರಿಯಲ್ಲಿ ಬರೋರಿಗೆ, ರಾತ್ರಿ ಬರೋ ಆಂಬುಲೆನ್ಸ್‌ಗೂ, ಅದು ಉಪಯೋಗಕ್ಕೆ ಬರಬಹುದು.