ಗಿಡದ ವಯಸ್ಸನ್ನು ಕಂಪ್ಯೂಟರ್ ಹೇಳಿದರೆ ಸಾಕೆ?

ಸೊಲ್ಲಾಪುರ: ಮುಂಗಾರಿಗೆ ಮೊದಲಿನ ಬಿರುಗಾಳಿ ಬೀಸಿ ಹೋದ ಮರುದಿನ ಊರಲ್ಲಿ ಎರಡು ಥರದ ಮಾತು ಕೇಳಿಬರುತ್ತದೆ. ಗಿಡ ಬಿದ್ದ ಓಣಿಯವರು ಇದನ್ನು ಮೊದಲೇ ಯಾಕೆ ಕಡಿಸಲಿಲ್ಲ ಅಂತಾರೆ. ರಸ್ತೆ ಅಗಲ ಮಾಡಲು ಗಿಡ ಕಡಿಸಿದ ಓಣಿಯವರು ಗಟ್ಟಿಯಾಗಿದ್ದ ಗಿಡವನ್ನು ಯಾಕೆ ಕಡಿಸಿದಿರಿ ಅಂತಾರೆ. ಇಬ್ಬರ ಪ್ರಶ್ನೆಗೂ ಉತ್ತರ ಇರಬೇಕಾದ ಜಾಗ ಒಂದೇ. ಅದು ನಗರಾಡಳಿತದ ಬಳಿ ಇರುವ ಮರಗಳ ಪಟ್ಟಿ.

ಮರ ಎಣಿಸುವುದು ಹೊಸ ಸಂಗತಿಯೇನಲ್ಲ. ಮಹಾರಾಷ್ಟ್ರದ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1975ರಲ್ಲಿ. ಅದರಂತೆ ವೃಕ್ಷ ಪ್ರಾಧಿಕಾರ ಇರಬೇಕು. ಐದು ವರ್ಷಕ್ಕೊಮ್ಮೆ ಮರಗಣತಿ ನಡೆಯಬೇಕು. ಮೊದಲು ಈ ಲೆಕ್ಕ ದಪ್ಪ ರಜಿಸ್ಟರ್ ಪುಸ್ತಕದಲ್ಲಿ ಇರುತ್ತಿತ್ತು. ಈಗ ಜಿಪಿಎಸ್ ಇರುವ ಮೊಬೈಲ್ ಹಿಡಿದು, ಪ್ರತಿ ಮರದ ಬುಡಕ್ಕೆ ಹೋಗಿ, ಅಳತೆ ತೆಗೆದು, ಫೋಟೋ ಸಮೇತ ಕಂಪ್ಯೂಟರಿಗೆ ಏರಿಸುವ ಪದ್ಧತಿ ಬಂದಿದೆ. ಮುಂಬೈ, ಪುಣೆಗಳಲ್ಲಿ ಗಣತಿ ಹೀಗೆಯೇ ನಡೆದಿದೆ.

ಮೇಲ್ನೋಟಕ್ಕೆ ಇದು ಪುಸ್ತಕದ ಬದಲು ಕಂಪ್ಯೂಟರ್ ಬಂದಷ್ಟೇ ಸರಳ. ಆದರೆ 2021ರ ನಂತರ ಮಾತು ಅಷ್ಟಕ್ಕೇ ನಿಂತಿಲ್ಲ.

ಅಳತೆಯೇ ಸಾಕ್ಷಿ

2021ರಲ್ಲಿ ಮಹಾರಾಷ್ಟ್ರ ಸರಕಾರ 1975ರ ಕಾಯ್ದೆಗೆ ತಿದ್ದುಪಡಿ ತಂದಿತು. 50 ವರ್ಷ ಮತ್ತು ಅದಕ್ಕಿಂತ ಹೆಚ್ಚು ವಯಸ್ಸಾದ ಮರಕ್ಕೆ 'ಪಾರಂಪರಿಕ ವೃಕ್ಷ' ಎಂಬ ಸ್ಥಾನ ಸಿಕ್ಕಿತು. ಒಂದು ಮರ ಕಡಿದರೆ ಅದಕ್ಕೆ ಎಷ್ಟು ವರ್ಷವಾಗಿತ್ತೋ ಅಷ್ಟು ಸಸಿ ಹಚ್ಚಬೇಕು ಎಂಬ ಲೆಕ್ಕವೂ ಬಂತು. ಹಚ್ಚುವ ಸಸಿ ಆರರಿಂದ ಎಂಟು ಅಡಿ ಎತ್ತರ ಇರಬೇಕು, ಏಳು ವರ್ಷ ಅದರ ಮೇಲೆ ನಿಗಾ ಇರಬೇಕು ಎಂದೂ ಹೇಳಲಾಯಿತು.

ಅಂದರೆ ಮರದ ವಯಸ್ಸು ಈಗ ಕಾನೂನಿನ ಲೆಕ್ಕ. ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಮರದ ವಯಸ್ಸನ್ನು ತಿಳಿಯುವುದು ಹೇಗೆ?

ಮರಕ್ಕೆ ಜನನ ದಾಖಲೆ ಇರುವುದಿಲ್ಲ. ಚಳಿ ದೇಶಗಳಲ್ಲಿ ಕಾಂಡದೊಳಗಿನ ಉಂಗುರ ಎಣಿಸುತ್ತಾರೆ. ನಮ್ಮಂಥ ಉಷ್ಣ ಪ್ರದೇಶದ ಅನೇಕ ಮರಗಳಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುವುದಿಲ್ಲ. ಮೂಡಿದರೂ ನಿಂತ ಮರದಲ್ಲಿ ಅದನ್ನು ನೋಡಬೇಕೆಂದರೆ ಕಾಂಡಕ್ಕೆ ತೂತು ಕೊರೆಯಬೇಕು. ಲಕ್ಷಗಟ್ಟಲೆ ಮರಗಳಿಗೆ ಅದು ಆಗುವ ಕೆಲಸವಲ್ಲ. ಹೀಗಾಗಿ ಸುಲಭದ ದಾರಿ ಎಂದರೆ ಸುತ್ತಳತೆ. ನೆಲದಿಂದ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿ, ಅಂದರೆ ಮನುಷ್ಯನ ಎದೆಮಟ್ಟದಲ್ಲಿ ಟೇಪು ಸುತ್ತಿ ಅಳೆಯುತ್ತಾರೆ. ಆ ಜಾತಿಯ ಮರ ವರ್ಷಕ್ಕೆ ಎಷ್ಟು ದಪ್ಪವಾಗುತ್ತದೆ ಎಂಬ ಅಂದಾಜಿನಿಂದ ಭಾಗಿಸುತ್ತಾರೆ. ಬಂದ ಉತ್ತರವೇ ವಯಸ್ಸು.

ಭಾಗಾಕಾರದಲ್ಲಿ ತಪ್ಪಿಲ್ಲ. ಯಾವ ಸಂಖ್ಯೆಯಿಂದ ಭಾಗಿಸುತ್ತಾರೆ ಎಂಬುದನ್ನು ನೋಡಬೇಕು.

ಒಂದು ಉದಾಹರಣೆ ಸಾಕು. ಬೇವಿನ ಗಿಡವೊಂದರ ಸುತ್ತಳತೆ 120 ಸೆಂಟಿಮೀಟರ್ ಎಂದುಕೊಳ್ಳಿ. ವರ್ಷಕ್ಕೆ ಎರಡೂವರೆ ಸೆಂಟಿಮೀಟರ್ ಬೆಳೆಯುತ್ತದೆ ಎಂದು ಹಿಡಿದರೆ ಅದಕ್ಕೆ 48 ವರ್ಷ. ಎರಡೇ ಸೆಂಟಿಮೀಟರ್ ಎಂದು ಹಿಡಿದರೆ 60 ವರ್ಷ. ಗಿಡ ಅದೇ, ಟೇಪೂ ಅದೇ. ಆದರೆ ಮೊದಲ ಲೆಕ್ಕದಲ್ಲಿ ಅದು ಸಾದಾ ಮರ, ಎರಡನೇ ಲೆಕ್ಕದಲ್ಲಿ ಪಾರಂಪರಿಕ ವೃಕ್ಷ. ಕಡಿದರೆ ಹಚ್ಚಬೇಕಾದ ಸಸಿಯ ಸಂಖ್ಯೆಯಲ್ಲೂ ಹನ್ನೆರಡರ ಫರಕು. ಅರ್ಧ ಸೆಂಟಿಮೀಟರಿಗೆ ಇಷ್ಟು ಬೆಲೆ!

ಒಣ ಸೀಮೆಯ ಗಿಡ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಜನರಿಗೆ ಈ ಅರ್ಧ ಸೆಂಟಿಮೀಟರ್ ಮುಖ್ಯವಾಗುವುದಕ್ಕೆ ಕಾರಣವಿದೆ. ಇದು ಮಳೆ ಕಡಿಮೆ ಬೀಳುವ ಸೀಮೆ. ಕೊಂಕಣದಲ್ಲಿ ಬೆಳೆದ ಮರಕ್ಕೂ ಇಲ್ಲಿ ಬೆಳೆದ ಮರಕ್ಕೂ ಹೋಲಿಕೆ ಇಲ್ಲ. ನೀರು ಸಿಕ್ಕ ಕಡೆ ಹತ್ತು ವರ್ಷದಲ್ಲಿ ತಬ್ಬುವಷ್ಟು ದಪ್ಪವಾಗುವ ಗಿಡ, ಇಲ್ಲಿಯ ಗರಸು ನೆಲದಲ್ಲಿ ಬರಗಾಲ ಬಂದ ವರ್ಷ ಬೆಳೆಯುವುದನ್ನೇ ನಿಲ್ಲಿಸಿ ಜೀವ ಹಿಡಿದು ನಿಂತಿರುತ್ತದೆ. ಅದರ ಮೇಲೆ ರಸ್ತೆ ಬದಿಯ ಗಿಡವಾದರೆ ಬುಡಕ್ಕೆ ಕಾಂಕ್ರೀಟು, ಬೇರಿಗೆ ಗಟಾರ. ಇಂಥ ಗಿಡ ನೋಡಲು ತೆಳ್ಳಗೆ, ವಯಸ್ಸಿನಲ್ಲಿ ಹಿರಿದು.

ಎಲ್ಲ ಊರಿಗೂ ಒಂದೇ ಸೂತ್ರ ಹಾಕಿದರೆ ಮೋಸ ಹೋಗುವುದು ಇಂಥ ಗಿಡಗಳೇ. ಬ್ರಿಟನ್ನಿನಲ್ಲಿ ಬಯಲಲ್ಲಿ ನಿಂತ ಮರದ ಸುತ್ತಳತೆ ವರ್ಷಕ್ಕೆ ಸರಾಸರಿ ಒಂದು ಇಂಚು ಹೆಚ್ಚುತ್ತದೆ ಎಂಬ ಅಂದಾಜು ಬಹುಕಾಲದಿಂದ ಬಳಕೆಯಲ್ಲಿದೆ. ಆ ದೇಶದ ತಂಪಿಗೆ ಅದು ಸರಿ ಇರಬಹುದು. ಮೇ ತಿಂಗಳ ಸೊಲ್ಲಾಪುರದ ಬಿಸಿಲಿಗೆ ಅದನ್ನು ಹಾಗೆಯೇ ತಂದು ಹಾಕಲು ಬರುವುದಿಲ್ಲ.

ಹೀಗಿರುವಾಗ ಮನೆ ಮನೆಯ ನೆನಪೂ ಒಂದು ದಾಖಲೆಯಾಗುತ್ತದೆ. ನಮ್ಮ ಅಜ್ಜ ಹಚ್ಚಿದ ಗಿಡ ಇದು ಎನ್ನುವ ಮಾತು ಈ ಭಾಗದ ಹಳೆಯ ಓಣಿಗಳಲ್ಲಿ ಹೊಸದಲ್ಲ. ಅಂಗಳದ ಮುಂದೆ ನಿಂತು ತೆಗೆಸಿಕೊಂಡ ಹಳೆಯ ಮದುವೆ ಫೋಟೋದಲ್ಲಿ ಆ ಗಿಡ ಕಂಡರೆ, ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕೆ? ಗುಡಿಯ, ಶಾಲೆಯ, ಗಿರಣಿಯ ಹಳೆಯ ಫೋಟೋಗಳಿಗೂ ಇದೇ ಮಾತು. ಕಂಪ್ಯೂಟರ್ ಪಟ್ಟಿಯಲ್ಲಿ 48 ಎಂದು ಬಿದ್ದ ಅಂಕಿಯನ್ನು 60 ಎಂದು ತಿದ್ದಿಸುವ ದಾರಿ ನಾಗರಿಕರಿಗೆ ಇರಬೇಕು.

ಹೆಸರಿನ ಗೊಂದಲ

ಗಡಿ ಭಾಗದಲ್ಲಿ ಇನ್ನೊಂದು ತೊಡಕು ಹೆಸರಿನದು. ಕನ್ನಡದ ಮನೆಯಲ್ಲಿ ಬೇವು, ಮರಾಠಿ ಮನೆಯಲ್ಲಿ ಕಡುಲಿಂಬ. ಇಲ್ಲಿ ಹುಣಸೆ, ಅಲ್ಲಿ ಚಿಂಚ. ಅತ್ತಿಗೆ ಉಂಬರ, ಅರಳಿಗೆ ಪಿಂಪಳ. ಉತ್ತರ ಕರ್ನಾಟಕದವರು ಹುಲಗಲ ಎನ್ನುವ ಹೊಂಗೆ ಮರಾಠಿಯಲ್ಲಿ ಕರಂಜ. ಇಷ್ಟರಲ್ಲಿ ತಪ್ಪಾಗುವುದಿಲ್ಲ, ಎರಡೂ ಭಾಷೆ ಬಲ್ಲವರೇ ಇಲ್ಲಿ ಹೆಚ್ಚು.

ತಪ್ಪಾಗುವುದು ಬನ್ನಿಯಂಥ ಕಡೆ. ಪೂಜೆಗೊಳ್ಳುವ ಶಮಿಯನ್ನೂ ಬನ್ನಿ ಎನ್ನುತ್ತಾರೆ. ದಸರೆಯ ದಿನ ಬಂಗಾರವೆಂದು ಹಂಚುವ, ಮರಾಠಿಯಲ್ಲಿ ಆಪಟಾ ಎನ್ನುವ ಜೋಡಿ ಎಲೆಯನ್ನೂ ಬನ್ನಿ ಎಂದೇ ಕೈಗೆ ಕೊಡುತ್ತಾರೆ. ಇವು ಎರಡು ಬೇರೆ ಬೇರೆ ಜಾತಿಯ ಮರಗಳು, ಬೆಳೆಯುವ ರೀತಿಯೂ ಬೇರೆ. ಗಣತಿಗೆ ಬಂದವರು ಜನ ಹೇಳಿದ್ದನ್ನೇ ಬರೆದುಕೊಂಡು ಹೋದರೆ ಪಟ್ಟಿ ಕೆಡುತ್ತದೆ. ಆದ್ದರಿಂದಲೇ ಪಟ್ಟಿಯಲ್ಲಿ ಸಸ್ಯಶಾಸ್ತ್ರದ ಹೆಸರು ಇರಬೇಕು ಎನ್ನುವುದು. ಅದರ ಪಕ್ಕದಲ್ಲಿ ಸ್ಥಳೀಯ ಹೆಸರೂ ಇದ್ದರೆ ಓದುವವರಿಗೆ ಅನುಕೂಲ.

ಜಾತಿ ಸರಿಯಾಗಿ ಬರೆದರೆ ಆಗುವ ಲಾಭ ದೊಡ್ಡದು. 2021ರಲ್ಲಿ ತೆಲಂಗಾಣದಲ್ಲಿ ಬೇವಿನ ಮರಗಳ ತುದಿ ಒಣಗುವ ರೋಗ ವ್ಯಾಪಕವಾಗಿ ಕಾಣಿಸಿಕೊಂಡಿತು. ಹಸಿರಾಗಿದ್ದ ಮರಗಳು ಸುಟ್ಟಂತೆ ಕಂದಾಗಿ ಜನ ಗಾಬರಿಯಾದರು. ಶಿಲೀಂಧ್ರ ಮತ್ತು ರಸ ಹೀರುವ ಕೀಟ ಇದಕ್ಕೆ ಕಾರಣವೆಂದು ತಜ್ಞರು ಹೇಳಿದರು. ಬೇವು ಈ ಗಡಿ ಭಾಗದ ಬೀದಿಗಳ ನೆರಳೂ ಹೌದು. ಯಾವ ಓಣಿಯಲ್ಲಿ ಎಷ್ಟು ಬೇವು ಇದೆ ಎಂದು ಪಟ್ಟಿ ಹೇಳಿದರೆ ಅಂಥ ರೋಗ ಬಂದಾಗ ಎಲ್ಲಿ ನೋಡಬೇಕು ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಅಮೆರಿಕದ ವಿಜ್ಞಾನಿ ಫ್ರಾಂಕ್ ಸಾಂಟಮೂರ್ 1990ರಲ್ಲಿ ಒಂದು ಸೂತ್ರ ಹೇಳಿದ್ದರು. ನಗರದ ಒಟ್ಟು ಮರಗಳಲ್ಲಿ ಒಂದೇ ಜಾತಿಯವು ಶೇ 10ಕ್ಕಿಂತ ಹೆಚ್ಚು ಇರಬಾರದು, ಒಂದೇ ಕುಲದವು ಶೇ 20ಕ್ಕಿಂತ, ಒಂದೇ ಕುಟುಂಬದವು ಶೇ 30ಕ್ಕಿಂತ ಹೆಚ್ಚು ಇರಬಾರದು ಎಂದು. ಒಂದು ರೋಗ ಬಂದರೆ ಊರೇ ಬೋಳಾಗಬಾರದು ಎನ್ನುವುದು ಇದರ ಹಿಂದಿನ ಲೆಕ್ಕಾಚಾರ. ಪಟ್ಟಿಯೇ ಇಲ್ಲದ ಊರಿಗೆ ಈ ಸೂತ್ರದಿಂದ ಉಪಯೋಗವಿಲ್ಲ.

ನ್ಯೂಯಾರ್ಕ್ ಮಾಡಿದ್ದು

ಈ ಕೆಲಸವನ್ನು ಬಹಿರಂಗವಾಗಿ ಮಾಡಿ ತೋರಿಸಿದ ಊರು ಅಮೆರಿಕದ ನ್ಯೂಯಾರ್ಕ್. ಅಲ್ಲಿ 1995, 2005 ಮತ್ತು 2015ರಲ್ಲಿ ಬೀದಿ ಮರಗಳ ಗಣತಿ ನಡೆಯಿತು. 1995ರಲ್ಲಿ ಸುಮಾರು 4.98 ಲಕ್ಷ ಇದ್ದ ಮರಗಳು 2015ಕ್ಕೆ 6.66 ಲಕ್ಷವಾಗಿದ್ದವು. ಕೊನೆಯ ಗಣತಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಟೇಪು ಹಿಡಿದು ಬೀದಿಗಿಳಿದಿದ್ದರು.

ಎಣಿಕೆಗಿಂತ ಮುಖ್ಯವಾದದ್ದು ನಂತರ ಆಯಿತು. 2016ರಲ್ಲಿ ಆ ಪಟ್ಟಿಯನ್ನು ನಕ್ಷೆಯ ರೂಪದಲ್ಲಿ ಜನರ ಮುಂದೆ ಇಟ್ಟರು. ಪ್ರತಿ ಮರಕ್ಕೂ ಒಂದು ಸಂಖ್ಯೆ. ತನ್ನ ಮನೆ ಮುಂದಿನ ಮರ ಯಾವ ಜಾತಿ, ಕಾಂಡ ಎಷ್ಟು ದಪ್ಪ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ತಪ್ಪಿದ್ದರೆ ಹೇಳಬಹುದು. ನೋಡುವ ಕಣ್ಣು ಹೆಚ್ಚಾದಷ್ಟೂ ಅಂಕಿ ಚೊಕ್ಕಟವಾಗುತ್ತದೆ.

ಮುಂಬೈಯ ಅಂಕಿಗಳಲ್ಲೂ ಒಂದು ಪಾಠವಿದೆ. 2008ರ ಗಣತಿಯಲ್ಲಿ ಅಲ್ಲಿ ಸುಮಾರು 19.17 ಲಕ್ಷ ಮರಗಳಿದ್ದವು. 2018ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 29.75 ಲಕ್ಷ. ಹತ್ತು ವರ್ಷದಲ್ಲಿ ಹತ್ತು ಲಕ್ಷ ಮರ ಹೆಚ್ಚಿದವು ಎಂದು ಸಂತೋಷಪಡುವ ಮೊದಲು ನೆನಪಿಡಬೇಕಾದ್ದು, ಎರಡನೇ ಸಲ ಎಣಿಸಿದ್ದು ಜಿಪಿಎಸ್ ಇಟ್ಟುಕೊಂಡು. ಎಣಿಸುವ ರೀತಿ ಬದಲಾದರೆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೂಗುವುದು ಕಷ್ಟ. ಮೊದಲಿದ್ದ ಮರ ಈಗ ಇದೆಯೋ ಇಲ್ಲವೋ ಎಂದು ಒಂದೊಂದಾಗಿ ಹೇಳಬಲ್ಲ ಪಟ್ಟಿ ಮಾತ್ರ ಲಾಭ ನಷ್ಟ ತೋರಿಸುತ್ತದೆ. ಒಟ್ಟು ಸಂಖ್ಯೆ ತೋರಿಸುವುದಿಲ್ಲ.

ಕರ್ನಾಟಕದ್ದೂ ಬೇರೆ ಕಥೆಯಲ್ಲ. ಅಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅದರಲ್ಲೂ ಗಣತಿಯ ಮಾತಿದೆ. ಆದರೂ ಬೆಂಗಳೂರಿನ ಮರಗಣತಿಗಾಗಿ ವಿಷಯ ಹೈಕೋರ್ಟ್‌ವರೆಗೆ ಹೋಗಬೇಕಾಯಿತು.

ಪಟ್ಟಿ ಮಾಡಿದರೆ ಮುಗಿಯಿತೆ?

ಕಂಪ್ಯೂಟರ್ ಪಟ್ಟಿ ಎಂದರೆ ಒಂದು ದಿನ ತೆಗೆದ ಫೋಟೋ ಇದ್ದಂತೆ. ಮರ ಮರುದಿನವೇ ಬದಲಾಗುತ್ತದೆ. ಗೆದ್ದಲು ಹತ್ತುತ್ತದೆ, ವಿದ್ಯುತ್ ತಂತಿಗಾಗಿ ಒಂದೇ ಕಡೆ ಟೊಂಗೆ ಕಡಿದು ಮರ ವಾಲುತ್ತದೆ, ಪೈಪು ಹಾಕಲು ಅಗೆದಾಗ ಬೇರು ಹೋಗುತ್ತದೆ. ತಂತಿಯವರು, ಪೈಪಿನವರು, ರಸ್ತೆಯವರು ಮಾಡಿದ ಕೆಲಸ ಆ ಮರದ ಸಂಖ್ಯೆಯ ಎದುರು ದಾಖಲಾಗದಿದ್ದರೆ, ಐದು ವರ್ಷದ ನಂತರ ಮತ್ತೆ ಮೊದಲಿನಿಂದ ಎಣಿಸುವುದೇ ಕೆಲಸ.

ದಾಖಲಾದರೆ ಅದೇ ಪಟ್ಟಿ ಜೀವ ಉಳಿಸುತ್ತದೆ. ದಪ್ಪ ಕಾಂಡ, ಪೊಟರೆ ಬಿದ್ದ ಬುಡ, ಕೆಳಗೆ ಬಸ್ ಸ್ಟಾಪು ಅಥವಾ ಶಾಲೆ. ಈ ಮೂರೂ ಕೂಡಿದ ಮರಗಳನ್ನು ಮಾತ್ರ ಹೆಕ್ಕಿ ಕೊಡು ಎಂದರೆ ಕಂಪ್ಯೂಟರ್ ಕೊಡುತ್ತದೆ. ಮೇ ತಿಂಗಳಲ್ಲೇ ಆ ಮರಗಳ ಬಳಿ ಹೋಗಿ ನೋಡಿ, ಟೊಂಗೆ ಹಗುರ ಮಾಡಿದರೆ ಬಿರುಗಾಳಿಯ ಮರುದಿನದ ಗೋಳು ಕಡಿಮೆಯಾಗುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ತಪ್ಪುತ್ತದೆ.

ಸೊಲ್ಲಾಪುರ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲೇ ಸೇರಿದ ಊರು. ಕಂಪ್ಯೂಟರ್ ಎನ್ನುವುದು ಇಲ್ಲಿ ದೂರದ ಮಾತಲ್ಲ. ಇನ್ನು ನಗರದ ಗಡಿ ದಾಟಿ ಹಳ್ಳಿಯ ಹಾದಿ ಹಿಡಿದರೆ 1975ರ ಕಾಯ್ದೆಯ ಕಾವಲು ಮುಗಿಯುತ್ತದೆ. ಅಲ್ಲಿ ಮರ ಕಡಿಯುವುದಕ್ಕೆ 1964ರ ಬೇರೆ ಕಾಯ್ದೆ. ಹೆದ್ದಾರಿ ಬದಿಯ ಹುಣಸೆ, ಆಲಗಳನ್ನು ಒಂದೊಂದಾಗಿ ಸಂಖ್ಯೆ ಕೊಟ್ಟು ಕಾಯುವ ನಗರದಂಥ ಗಣತಿ ಹಳ್ಳಿಗಳಿಗೆ ಕಡ್ಡಾಯವಿಲ್ಲ. ಹಳ್ಳಿಯ ಜನ ತಮ್ಮ ಗಿಡದ ಲೆಕ್ಕ ತಾವೇ ಇಟ್ಟುಕೊಳ್ಳಬೇಕಾದ ಸ್ಥಿತಿ.

ಕೇಳಬೇಕಾದ ಪ್ರಶ್ನೆಗಳು

ನಗರದಲ್ಲಿ ಇರುವವರು ಕೇಳಬಹುದಾದ ಪ್ರಶ್ನೆ ನಾಲ್ಕೇ. ತಮ್ಮ ವಾರ್ಡಿನ ಮರಗಳ ಪಟ್ಟಿ ನೋಡಲು ಸಿಗುತ್ತದೆಯೆ? ಮನೆ ಮುಂದಿನ ಗಿಡದ ಸುತ್ತಳತೆ ಅದರಲ್ಲಿ ಎಷ್ಟಿದೆ, ಯಾವ ದಿನ ಅಳೆದದ್ದು? ವಯಸ್ಸಿನ ಲೆಕ್ಕಕ್ಕೆ ಯಾವ ಬೆಳವಣಿಗೆಯ ಅಂದಾಜು ಹಿಡಿದಿದ್ದಾರೆ? ತಪ್ಪಿದ್ದರೆ ತಿದ್ದಲು ಅರ್ಜಿ ಯಾರಿಗೆ ಕೊಡಬೇಕು?

ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದ್ದೇ ಇದೆ. ಮರ ಕಡಿಯುವ ಮೊದಲು ಪ್ರಕಟಣೆ ಕೊಡಬೇಕು, ಜನರ ಆಕ್ಷೇಪಣೆ ಕೇಳಬೇಕು ಎಂಬ ಕಲಮು 1975ರ ಕಾಯ್ದೆಯಲ್ಲಿದೆ. ಪ್ರಕಟಣೆ ಮರಾಠಿಯಲ್ಲಿ ಬರುತ್ತದೆ ಎಂದು ಕನ್ನಡದ ಮನೆಯವರು ಹಿಂಜರಿಯಬೇಕಿಲ್ಲ. ಮಕ್ಕಳು ಮರಾಠಿ ಶಾಲೆಯಲ್ಲಿ ಓದಿದವರೇ ಇರುತ್ತಾರೆ. ಅವರು ಓದಿ ಹೇಳಲಿ, ಹಿರಿಯರು ಗಿಡದ ಕಥೆ ಹೇಳಲಿ. ಎರಡೂ ಸೇರಿದರೆ ಒಂದು ಒಳ್ಳೆಯ ಅರ್ಜಿಯಾಗುತ್ತದೆ.

ಅರ್ಜಿಗೂ ಮೊದಲು ಮಾಡಬೇಕಾದ ಕೆಲಸ ಇನ್ನೂ ಸುಲಭ. ದರ್ಜಿಯ ಟೇಪು ತಂದು, ಎದೆಮಟ್ಟದಲ್ಲಿ ಗಿಡದ ಸುತ್ತ ಹಿಡಿದು, ಬಂದ ಅಳತೆಯನ್ನು ತಾರೀಖು ಸಮೇತ ಕ್ಯಾಲೆಂಡರಿನ ಹಿಂದೆ ಬರೆದಿಡುವುದು. ಮುಂದಿನ ವರ್ಷ ಅದೇ ದಿನ, ಅದೇ ಎತ್ತರದಲ್ಲಿ ಮತ್ತೊಮ್ಮೆ ಅಳೆಯುವುದು. ಒಣ ಸೀಮೆಯ ಗಿಡ ವರ್ಷಕ್ಕೆ ಎಷ್ಟು ಬೆಳೆಯಿತು ಎಂಬುದಕ್ಕೆ ಆ ಬೀದಿಯ ಸ್ವಂತ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.