ಕತ್ತರಿ ಬೀಳುವುದು ಗಾಯಕ್ಕೆ ಮಾತ್ರ

ಟಿವಿಯಲ್ಲಿ ಬರುವ ಯುದ್ಧದ ಸಿನಿಮಾಗಳಿಗೆ ಕತ್ತರಿ ಬೇಕೇ? ಮನೆಯಲ್ಲಿ ಮಕ್ಕಳೂ ನೋಡುತ್ತಾರೆ, ಬೇಕು. 2023ರ ಕಾನೂನು ತಿದ್ದುಪಡಿಯ ನಂತರ ಟಿವಿಗೆಂದೇ ಬೇರೆ ಪ್ರಮಾಣಪತ್ರ ಕೊಡುವ ಅಧಿಕಾರವೂ ಸೆನ್ಸಾರ್ ಮಂಡಳಿಗಿದೆ. ನನ್ನ ತಕರಾರು ಇರುವುದು ಕತ್ತರಿ ಬೀಳುವ ಜಾಗದ ಬಗ್ಗೆ. ಕಾಲು ಕಳೆದುಕೊಂಡ ಸೈನಿಕ ಮಾಯವಾಗುತ್ತಾನೆ. ಗುಂಡಿನ ಸುರಿಮಳೆ, ಜೈಕಾರ ಹಾಗೇ ಉಳಿಯುತ್ತವೆ. ಯುದ್ಧವೆಂದರೆ ದೀಪಾವಳಿಯೇ?

‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದ ದೃಶ್ಯಗಳನ್ನು ಕತ್ತರಿಸಲು ನಮ್ಮ ಮಂಡಳಿ ಹೇಳಿದಾಗ ನಿರ್ದೇಶಕ ಸ್ಪಿಲ್‌ಬರ್ಗ್ ಒಪ್ಪಲಿಲ್ಲ. ಕೊನೆಗೆ ಚಿತ್ರ ಇಡಿಯಾಗಿಯೇ ಥಿಯೇಟರಿಗೆ ಬಂತು. ಆದರೆ ನಮ್ಮ ಅಮಾಸೆಬೈಲಿನಲ್ಲಿ ಥಿಯೇಟರ್ ಎಲ್ಲಿದೆ? ನಮಗೆ ಟಿವಿಯೇ ಗತಿ. ಅಗ್ನಿವೀರ್ ಭರ್ತಿಗೆಂದು ಬೆಳಿಗ್ಗೆ ಎದ್ದು ಓಡುವ ಗೆಳೆಯರು ನನಗಿದ್ದಾರೆ. ನಾಲ್ಕು ವರ್ಷದ ಆ ಕೆಲಸಕ್ಕೆ ಸೇರುವವರು ಗಾಯವನ್ನೂ ನೋಡಿರಬೇಡವೇ? ರಾತ್ರಿ ಹನ್ನೊಂದರ ನಂತರವಾದರೂ ಇಂಥ ಚಿತ್ರಗಳನ್ನು ಪೂರ್ತಿ ತೋರಿಸಲಿ.