ಬುಟ್ಬುಡು ಅನ್ನುವ ಮೊದಲು

ಮಂಡ್ಯ ಸೀಮೆಯಲ್ಲಿ ಸಮಾಧಾನದ ಮಾತು ಬಹುಮಟ್ಟಿಗೆ ಒಂದೇ: "ಆಗಿದ್ದಾಯ್ತು, ಬುಟ್ಬುಡ್ಲಾ ಮಗ." ಪಿಯುಸಿಯಲ್ಲಿ ಫೇಲಾದ ಹುಡುಗನಿಗೂ ಇದೇ ಮಾತು. ಬೋರ್‌ವೆಲ್ ಕೊರೆಸಿ ನೀರು ಕಾಣದೆ ಸಾಲಕ್ಕೆ ಬಿದ್ದವನಿಗೂ, ಅಣ್ಣತಮ್ಮಂದಿರ ಪಾಲಿನಲ್ಲಿ ಮೋಸಹೋದವನಿಗೂ ಇದೇ. ನಿಶ್ಚಿತಾರ್ಥ ಮುರಿದ ಹೆಣ್ಣುಮಗಳಿಗಾದರೆ "ಬುಡವ್ವ ಅತ್ಲಾಗೆ" ಎನ್ನುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕೇಳಿಸಿಕೊಂಡವರು ಆ ರಾತ್ರಿ ಅದನ್ನು ಬಿಟ್ಟು ಮಲಗುವುದಿಲ್ಲ. ಬಿಡಬೇಕೆಂದು ಹಟ ಹಿಡಿದಷ್ಟೂ ಅದು ಬಿಗಿಯುತ್ತದೆ. ಹಿಂದಿನದನ್ನು ಮರೆತು ಗುರಿಯ ಕಡೆ ನೋಡು ಎಂಬ ಉಪದೇಶ ಈಗ ಮೊಬೈಲ್ ತೆರೆದರೆ ಧಾರಾಳವಾಗಿ ಸಿಗುತ್ತದೆ. ಅದರಿಂದ ಬದುಕು ಹಸನಾದವರು ಮಾತ್ರ ನನ್ನ ಕಣ್ಣಿಗೆ ಹೆಚ್ಚು ಬಿದ್ದಿಲ್ಲ. ಉಪದೇಶದಲ್ಲೇ ಏನೋ ಕೊರತೆ ಇರಬೇಕು.

ಮೊದಲ ಕೊರತೆಯನ್ನು ಮನಶ್ಶಾಸ್ತ್ರಜ್ಞರೇ ತೋರಿಸಿಕೊಟ್ಟಿದ್ದಾರೆ. 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವು ವಿದ್ಯಾರ್ಥಿಗಳನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ, ಈಗ ನೆನೆಯಬಹುದು ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟಿದ್ದವರಿಗಿಂತ ಅದುಮಿಟ್ಟುಕೊಂಡಿದ್ದವರಿಗೇ ಕರಡಿ ಹೆಚ್ಚು ಸಲ ನೆನಪಾಯಿತು. ಮರೆಯುವ ಪ್ರಯತ್ನವೇ ನೆನಪಿನ ಕಾವಲುಗಾರನಾಗುತ್ತದೆ. ಹಾಗಾಗಿ ಮರೆಯುವುದು ಹೇಗೆ ಎಂದು ಕೇಳುತ್ತ ಕೂತರೆ ಉತ್ತರ ಸಿಗುವುದಿಲ್ಲ. ನೆನಪು ಇದ್ದರೂ ಇವತ್ತಿನ ತೀರ್ಮಾನವನ್ನು ಅದರ ಕೈಗೆ ಕೊಡದಿರುವುದು ಹೇಗೆ ಎಂದು ಕೇಳಿಕೊಳ್ಳಬೇಕು.

ಇದಕ್ಕೆ ನಮ್ಮ ಗದ್ದೆಯಲ್ಲೇ ಒಂದು ಹೋಲಿಕೆ ಇದೆ. ನಾಟಿ ಕಬ್ಬು ಕಟಾವಾದ ಮೇಲೆ ಬುಡದಿಂದ ಕೂಳೆ ಚಿಗುರುತ್ತದೆ. ಬಿತ್ತನೆಯ ಖರ್ಚಿಲ್ಲ, ಮತ್ತೆ ಉಳುವ ಖರ್ಚಿಲ್ಲ, ಹಳೆಯ ಬೇರೇ ಹೊಸ ಬೆಳೆ ಕೊಡುತ್ತದೆ. ಆದರೆ ಕೂಳೆಯ ಮೇಲೆ ಕೂಳೆ ಬಿಡುತ್ತ ಹೋದರೆ ಸಾಲಿನಲ್ಲಿ ಖಾಲಿ ಜಾಗಗಳು ಬೀಳುತ್ತವೆ, ರೋಗ ನೆಲೆಯೂರುತ್ತದೆ, ಇಳುವರಿ ಕುಸಿಯುತ್ತದೆ. ಒಂದಲ್ಲ ಒಂದು ವರ್ಷ ಬುಡ ಕಿತ್ತು ಹೊಲ ಉಳಲೇಬೇಕು. ಹಳೆಯ ಅನುಭವವೂ ಹೀಗೆಯೇ. ಒಂದು ಸೋಲಿನಿಂದ ಎಚ್ಚರ ಕಲಿತರೆ ಅದು ಒಳ್ಳೆಯ ಬೆಳೆ. ಇಪ್ಪತ್ತು ವರ್ಷವಾದರೂ ಅದೇ ಸೋಲಿನ ಬುಡದಿಂದ ಅದೇ ಸಿಟ್ಟು ಚಿಗುರುತ್ತಿದ್ದರೆ, ಆ ನೆಲದಲ್ಲಿ ಬೇರೇನೂ ಬೆಳೆಯದು.

ಬಿಡಲಾಗದ್ದು ಎಂದರೆ ನೋವು, ಅವಮಾನ ಎಂದೇ ನಾವು ಭಾವಿಸುತ್ತೇವೆ. ನನಗೆ ಅನ್ನಿಸುವುದು ಬೇರೆ: ನೋವಿಗಿಂತ ಗೆಲುವನ್ನು ಬಿಡುವುದು ಕಷ್ಟ. ಮಂಡ್ಯ ಜಿಲ್ಲೆಯ ಕಥೆಯೇ ಇದಕ್ಕೆ ಸಾಕ್ಷಿ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಹುಲಿಕೆರೆಯ ಸುರಂಗ ದಾಟಿ ಇರ್ವಿನ್ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹರಿಯುವ ತನಕ ಈ ಜಿಲ್ಲೆಯ ಬಹುಪಾಲು ಮಳೆ ನೋಡಿಕೊಂಡು ರಾಗಿ, ಹುರುಳಿ ಬೆಳೆಯುತ್ತಿದ್ದ ಒಣನೆಲ. ಅದೇ ನಾಲೆಯನ್ನು ಈಗ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ತಾನೇ ಒಂದು ಜಿಲ್ಲೆಯಾಯಿತು. ಅಂದಿನ ರೈತ ಅಪ್ಪನ ಕಾಲದ ಹೊಲಗೆಲಸ ಬಿಟ್ಟು, ಗೊತ್ತಿಲ್ಲದ ನೀರಾವರಿಯನ್ನು, ಗೊತ್ತಿಲ್ಲದ ಕಾರ್ಖಾನೆಯನ್ನು ನಂಬಿ ಹೆಜ್ಜೆ ಇಟ್ಟ. ನಾವು ಇವತ್ತು "ತಾತನ ಕಾಲದಿಂದ ಕಬ್ಬೇ ಬೆಳೆದಿರೋದು" ಎಂದು ಹೆಮ್ಮೆಯಿಂದ ಹೇಳುವಾಗ ಮರೆಯುವ ಸಂಗತಿ ಇದು: ಆ ತಾತ ಹಳೆಯದನ್ನು ಬಿಟ್ಟವನು. ಅವನು ಬೆಳೆದ ಬೆಳೆಯನ್ನು ಹಿಡಿದುಕೊಂಡಿದ್ದೇವೆ, ಅವನ ಧೈರ್ಯವನ್ನು ಹಿಡಿದುಕೊಂಡಿಲ್ಲ. ಇದರ ನಡುವೆ ಆ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರುಮಾಡಿತು. 2023ರಲ್ಲಿ ಕಟ್ಟೆ ತುಂಬಲಿಲ್ಲ. ವರ್ಷವಿಡೀ ನೀರು ಕುಡಿಯುವ ಬೆಳೆಯನ್ನೇ ನೆಚ್ಚಿ ಮಕ್ಕಳ ಓದಿನ, ಮದುವೆಯ ಲೆಕ್ಕ ಹಾಕುವ ಮನೆಗಳು ಇನ್ನೂ ಎಷ್ಟೋ ಇವೆ. ಕಬ್ಬು ಬೇಡ ಎಂದು ನಾನು ಹೇಳುತ್ತಿಲ್ಲ. ಈ ವರ್ಷದ ನೀರು, ಈ ವರ್ಷದ ಬೆಲೆ, ಈ ವರ್ಷದ ಸಾಲ ನೋಡಿ ಆಯ್ದುಕೊಂಡರೆ ಅದು ಗುರಿ. ಹಿಂದೆ ಮರ್ಯಾದೆ ತಂದಿತ್ತು ಎಂಬ ಒಂದೇ ಕಾರಣಕ್ಕೆ ಬೆಳೆದರೆ ಅದು ಹಳೆಯ ಗೆಲುವಿನ ಜೀತ.

ಬಿಡುವುದು ಎಂದರೇನು ಎಂದು ನನಗೆ ಯಾವ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಸಿದ್ದು ಈ ನೆಲದ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿಯ ಕಥೆ. ಮಂಟೇಸ್ವಾಮಿಯ ಗದ್ದುಗೆ ಇರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಆತನ ಶಿಶುಮಗ ಸಿದ್ದಪ್ಪಾಜಿ ಮೊದಲು ಕೆಂಪಾಚಾರಿ, ಮದ್ದೂರು ತಾಲ್ಲೂಕಿನ ನಿಡಘಟ್ಟದ ಕಮ್ಮಾರರ ಮನೆಯ ಹುಡುಗ. ಗುರು ಬಂದು ಮಗನನ್ನು ಕೇಳುತ್ತಾನೆ, ಹೆತ್ತವರು ಕೊಡುವುದಿಲ್ಲ, ಕಷ್ಟಗಳು ಬರುತ್ತವೆ, ಕೊನೆಗೆ ಹುಡುಗ ಕುಲುಮೆ ಬಿಟ್ಟು ಗುರುವಿನ ಹಿಂದೆ ಹೊರಡುತ್ತಾನೆ. ಕಥೆ ಇಷ್ಟೇ ಆಗಿದ್ದರೆ ಅದು ಮನೆಬಿಟ್ಟ ಸಾಧುವೊಬ್ಬನ ಕಥೆ, ಅಂಥವು ನಾಡಿನಲ್ಲಿ ಬೇಕಾದಷ್ಟಿವೆ. ಆದರೆ ಗುರು ಮುಂದೆ ಮಾಡುವ ಕೆಲಸ ನೋಡಿ. ಎಲ್ಲವನ್ನೂ ಬಿಟ್ಟು ಬಂದವನನ್ನು ಹಲಗೂರಿಗೆ ಕಳಿಸುತ್ತಾನೆ. ಅಲ್ಲಿರುವವರು ಪಾಂಚಾಳರು, ಅವನದೇ ಕುಲದವರು. ತರಬೇಕಾದ ಭಿಕ್ಷೆ ಕಬ್ಬಿಣ, ಅವನು ಹುಟ್ಟಿದಾಗಿನಿಂದ ನೋಡಿದ್ದ ಅದೇ ಕಬ್ಬಿಣ. ಕುಲದವರು ಅವನನ್ನು ಹಂಗಿಸುತ್ತಾರೆ, ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ, ವಿಷವನ್ನೂ ಇಕ್ಕುತ್ತಾರೆ. ಅವನು ಎಲ್ಲವನ್ನೂ ಗೆದ್ದು ಕಬ್ಬಿಣ ತರುತ್ತಾನೆ.

ಜನಪದರ ವಿವೇಕಕ್ಕೆ ನಾನು ಇಲ್ಲಿ ತಲೆಬಾಗುತ್ತೇನೆ. ಹಳೆಯ ಊರಿನ ದಾರಿ ತಪ್ಪಿಸಿ ಓಡಾಡುವವನು ಹಳೆಯದನ್ನು ಬಿಟ್ಟಿರುವುದಿಲ್ಲ, ಹೆದರಿರುತ್ತಾನೆ. ಅದೇ ಬೀದಿಗೆ, ಅದೇ ಜನರ ಮುಂದೆ, ಅದೇ ಕಬ್ಬಿಣಕ್ಕಾಗಿ ಹೋಗಿ, ಆದರೆ ಈ ಸಲ ಬೇರೆ ಕೆಲಸದ ಮೇಲೆ ಬಂದಿದ್ದೇನೆ ಎಂದು ನಿಲ್ಲಬಲ್ಲವನು ಬಿಟ್ಟವನು. ಫೇಲಾದ ವಿಷಯವನ್ನೇ ಮತ್ತೆ ಕೂತು ಓದುವ ಹುಡುಗಿ, ನಷ್ಟವಾದ ರೇಷ್ಮೆಮನೆಯಲ್ಲೇ ಹೊಸದಾಗಿ ಚಾಕಿ ಎಬ್ಬಿಸುವ ಮಳವಳ್ಳಿ ಕಡೆಯ ರೈತ, ಗಂಡ ತೀರಿಕೊಂಡ ಮೇಲೆ ಅದೇ ಊರಿನಲ್ಲಿ ಅಂಗಡಿ ತೆರೆಯುವ ಹೆಣ್ಣುಮಗಳು, ಇವರೆಲ್ಲ ಹಲಗೂರಿಗೆ ಹೋಗಿ ಬಂದವರೇ. ರಾಜಕಾರಣದಲ್ಲೂ ಒಂದು ಉದಾಹರಣೆ ಇದೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದು, 1967ರಲ್ಲಿ ಅಲ್ಲೇ ಸೋತರು. ಮರುವರ್ಷವೇ ಮಂಡ್ಯದ ಉಪಚುನಾವಣೆಗೆ ನಿಂತು ಲೋಕಸಭೆಗೆ ಹೋದರು. ಅವರ ರಾಜಕೀಯವನ್ನು ಒಪ್ಪದವರೂ ಆ ಒಂದು ವರ್ಷದ ಅಂತರವನ್ನು ಗಮನಿಸಬಹುದು.

ಆದರೆ ಸಿದ್ದಪ್ಪಾಜಿಗೆ ಗುರುವಿದ್ದ. ಸಾಮಾನ್ಯರಿಗೆ ಇರುವುದು ಊರು. ನಮ್ಮ ಹಿಂದಿನದು ನಮ್ಮ ತಲೆಯಲ್ಲಿ ಮಾತ್ರ ಇರುವುದಿಲ್ಲ, ಅರ್ಧ ನೆರೆಯವರ ಬಾಯಲ್ಲಿರುತ್ತದೆ. ಮಂಡ್ಯದಲ್ಲಿ 1928ರಲ್ಲಿ ಹುಟ್ಟಿದ ಕಾದಂಬರಿಕಾರ್ತಿ ತ್ರಿವೇಣಿ ಇದನ್ನು ಕಂಡಷ್ಟು ಸ್ಪಷ್ಟವಾಗಿ ಕನ್ನಡದಲ್ಲಿ ಹೆಚ್ಚು ಜನ ಕಂಡಿಲ್ಲ. 'ಶರಪಂಜರ'ದ ಕಾವೇರಿ ಬಾಣಂತಿತನದ ಮೇಲೆ ಮನಸ್ಸು ಕದಡಿ, ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಕಾಯಿಲೆಯನ್ನು ಬಿಟ್ಟು ಬಂದಿದ್ದಾಳೆ, ಉಳಿದವರು ಬಿಟ್ಟಿಲ್ಲ. ಗಂಡ ದೂರವಾಗುತ್ತಾನೆ, ನೆರೆಹೊರೆ ಅನುಮಾನದಿಂದ ನೋಡುತ್ತದೆ, ಅವಳ ಒಂದೊಂದು ಮಾತಿಗೂ ನಡೆಗೂ ಹಳೆಯ ಹುಚ್ಚಿನ ಅರ್ಥ ಹಚ್ಚುತ್ತಾರೆ. ಕೊನೆಗೆ ಅವರೆಲ್ಲ ಸೇರಿ ಅವಳನ್ನು ಆಸ್ಪತ್ರೆಗೇ ವಾಪಸು ಕಳಿಸುತ್ತಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಅಭಿನಯ ನೋಡಿ ಅತ್ತ ಸಾವಿರಾರು ಮಂದಿ ಹೊರಗೆ ಬಂದು ತಮ್ಮ ಬೀದಿಯ ಕಾವೇರಿಯರನ್ನು ಹೇಗೆ ನೋಡಿದರು ಎಂಬ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ಒಬ್ಬ ಮನುಷ್ಯ ಹಿಂದಿನದನ್ನು ಬಿಡಬೇಕಾದರೆ ಅವನ ಸುತ್ತಲಿನ ಹತ್ತು ಜನ ಮೊದಲು ಅದನ್ನು ಬಿಡಬೇಕು.

ಇಲ್ಲಿ ಒಂದು ಎಚ್ಚರ ಬೇಕು. "ಹಳೇದೆಲ್ಲ ಬುಡಿ" ಎಂಬ ಮಾತನ್ನು ಹೆಚ್ಚಾಗಿ ಆಡುವವರು ಯಾರು? ಪಾಲು ಕೊಡದ ಅಣ್ಣ ತಮ್ಮನಿಗೆ ಆಡುತ್ತಾನೆ, ಕೆರೆಗೆ ಇಳಿಯಬಿಡದಿದ್ದ ಊರಿನವರು ಆ ನೆನಪು ಉಳ್ಳ ಕೇರಿಯವರಿಗೆ ಆಡುತ್ತಾರೆ, ಬಾಕಿ ಉಳಿಸಿಕೊಂಡವರು ಬಾಕಿ ಬರಬೇಕಾದವರಿಗೆ ಆಡುತ್ತಾರೆ. ಇದು ಸಮಾಧಾನ ಅನ್ನಿಸಿಕೊಳ್ಳಲಾರದು, ಬಾಯಿ ಮುಚ್ಚಿಸುವ ಕೆಲಸ. ಗಾಯವನ್ನು ಬಿಡಬಹುದು, ಹಕ್ಕನ್ನು ಬಿಡಬಾರದು. ಕಾವೇರಿ ನದಿಯ ನೀರಿನ ವಿವಾದವನ್ನೇ ನೋಡಿ. ನೀರು ಹಂಚಿಕೆಯ 1924ರ ಒಪ್ಪಂದ ಹಳೆಯ ಮಾತು ಎಂದು ಎಲ್ಲರೂ ಸುಮ್ಮನಾಗಿದ್ದರೆ ಏನಾಗುತ್ತಿತ್ತು? 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು, 2007ರ ಐತೀರ್ಪು ಕರ್ನಾಟಕಕ್ಕೆ 270 ಟಿಎಂಸಿ ಎಂದಿತು, ಮೇಲ್ಮನವಿಯ ಮೇಲೆ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು. ಆ 14.75 ಟಿಎಂಸಿ ಬಂದದ್ದು ಕಾಗದಪತ್ರ ಇಟ್ಟುಕೊಂಡು ಪಟ್ಟು ಬಿಡದೆ ವಾದಿಸಿದ್ದರಿಂದ. ಬಸ್ಸಿಗೆ ಕಲ್ಲು ಹೊಡೆದದ್ದರಿಂದ ಒಂದು ಹನಿಯೂ ಬರಲಿಲ್ಲ. ನೆನಪು ಎರಡೂ ಕಡೆ ಒಂದೇ, ಅದರಿಂದ ಮಾಡಿದ ಕೆಲಸ ಬೇರೆ ಬೇರೆ.

ಗುರಿಯ ವಿಷಯಕ್ಕೆ ಬಂದರೆ ನಾವು ಇನ್ನೊಂದು ಕಡೆ ಎಡವುತ್ತೇವೆ. ಹಲವರ ಗುರಿಯನ್ನು ಸ್ವಲ್ಪ ಕೆದಕಿದರೆ ಒಳಗೆ ಹಳೆಯ ಅವಮಾನವೇ ಕೂತಿರುತ್ತದೆ. "ಅವರ ಮುಂದೆ ನಾನೂ ಏನು ಅಂತ ತೋರಿಸಬೇಕು" ಎಂಬ ಛಲಕ್ಕೆ ನಮ್ಮಲ್ಲಿ ಬಹಳ ಮರ್ಯಾದೆ. ದಾಯಾದಿಗಿಂತ ಜೋರಾಗಿ ಬೀಗರ ಔತಣ ಹಾಕಬೇಕೆಂದು ಸಾಲ ಮಾಡಿ, ಆ ಸಾಲ ತೀರಿಸಲು ಗದ್ದೆಯನ್ನು ಭೋಗ್ಯಕ್ಕೆ ಕೊಟ್ಟವರು ಯಾವ ಹಳ್ಳಿಯಲ್ಲಿಲ್ಲ? ಛಲ ಮೊದಲ ಹೆಜ್ಜೆಗೆ ಬಲ ಕೊಡುತ್ತದೆ ನಿಜ. ಆದರೆ ದಾರಿ ಗೊತ್ತುಮಾಡುವವನು ಆಗಲೂ ಹಳೆಯ ಶತ್ರುವೇ. ಆ ಶತ್ರು ನೋಡದೆ ಹೋದರೂ ಮಾಡುತ್ತೇನೆ ಅನ್ನಿಸುವ ಕೆಲಸ ಯಾವುದು ಎಂದು ಒಮ್ಮೆ ಕೇಳಿಕೊಳ್ಳಿ. ನಿಮ್ಮ ಸ್ವಂತ ಗುರಿ ಅದೇ. ಆ ಗುರಿಯನ್ನೂ "ಚೆನ್ನಾಗಿ ಓದಬೇಕು", "ಮುಂದೆ ಬರಬೇಕು" ಎಂದು ದೂರದಲ್ಲಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ ಆಸೆ ಇಟ್ಟುಕೊಂಡವರಿಗಿಂತ ಹೆಚ್ಚಾಗಿ ಗುರಿ ಮುಟ್ಟುತ್ತಾರೆ ಎಂದು ಜರ್ಮನಿಯ ಪೀಟರ್ ಗೊಲ್ವಿಟ್ಜರ್ 1990ರ ದಶಕದಲ್ಲೇ ತೋರಿಸಿದ್ದಾರೆ. ಬೆಳಿಗ್ಗೆ ಹಾಲು ಡೇರಿಗೆ ಹಾಕಿ ಬಂದ ಕೂಡಲೇ ಜಗಲಿಯ ಮೇಲೆ ಕೂತು ಎರಡು ಲೆಕ್ಕ ಮಾಡುತ್ತೇನೆ ಎಂಬ ತೀರ್ಮಾನಕ್ಕೆ ಇರುವ ಬಲ ದೊಡ್ಡ ಪ್ರತಿಜ್ಞೆಗೆ ಇಲ್ಲ. ಕೈಗೆ ಕೆಲಸ ಸಿಕ್ಕ ಹೊತ್ತಿನಲ್ಲಿ ಹಳೆಯ ನೆನಪಿನ ಹಿಡಿತವೂ ತಾನಾಗಿ ಸಡಿಲವಾಗುತ್ತದೆ.

ಕೊನೆಗೆ ಮಕ್ಕಳ ಫಲಿತಾಂಶಕ್ಕೆ ಕಾಯುವ ತಂದೆತಾಯಿಗಳಲ್ಲಿ, ಸೋದರಮಾವಂದಿರಲ್ಲಿ, ದೊಡ್ಡಪ್ಪ ದೊಡ್ಡಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. 2024ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪೂರಕ ಪರೀಕ್ಷೆ ಎಂಬ ಹೆಸರನ್ನೇ ತೆಗೆದುಹಾಕಿದ್ದಾರೆ, ಹೆಚ್ಚು ಬಂದ ಅಂಕವನ್ನು ವಿದ್ಯಾರ್ಥಿ ಉಳಿಸಿಕೊಳ್ಳಬಹುದು. ಪರೀಕ್ಷಾ ಮಂಡಳಿಯೇ ಬಿಟ್ಟ ಅಂಕವನ್ನು ನೀವು ಮದುವೆಮನೆಯಲ್ಲಿ, ಹಬ್ಬದ ಊಟದಲ್ಲಿ, ನೆಂಟರ ಮುಂದೆ ಎತ್ತಬೇಡಿ. "ಬುಟ್ಬುಡು" ಎಂದು ಮಗುವಿಗೆ ಹೇಳುವ ಮೊದಲು ನೀವು ಬಿಡಿ. ಹಾಗೆ ಬಿಟ್ಟ ಮೇಲೂ ಮಗು ವಾರಗಟ್ಟಲೆ ನಿದ್ದೆ ಮಾಡದೆ, ಉಣ್ಣದೆ, ಮಾತಾಡದೆ ಕೂತರೆ ಉಪದೇಶ ನಿಲ್ಲಿಸಿ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.